ತಾತನ ಟ್ರಂಕಿನಲ್ಲಿ ಸಿಕ್ಕ ರಾಜ–ರಾಣಿ ನಾಣ್ಯಗಳು: ನಿಜಕ್ಕೂ ಎಷ್ಟು ಬೆಲೆ ಬಾಳುತ್ತವೆ?

ಚಾಂಪಿಯನ್‌ರೀಫ್ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಕೆಜಿಎಫ್ ಗಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಗಣಿಗಳೆಲ್ಲ ಇನ್ನೂ ಜಾನ್ ಟೇಲರ್ ಕಂಪನಿಯ ಕೈಯಲ್ಲಿದ್ದ ಕಾಲ ಅದು. ತಾತ ಹೋಗಿ ಬಹಳ ವರ್ಷಗಳಾದವು. ಹೋದ ತಿಂಗಳು ಅಜ್ಜಿಯೂ ಹೋದರು. ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಒಂದು ಬಿಸ್ಕೆಟ್ ಡಬ್ಬಿ ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟು:

ಐದನೇ ಜಾರ್ಜ್ ಮುಖದ 1911ರ ಬೆಳ್ಳಿ ರೂಪಾಯಿ ಒಂದು, ಮೇಲೆ ಕುಣಿಕೆ ಬೆಸೆದಿದೆ, ನಮ್ಮ ದೊಡ್ಡತ್ತೆ ಚಿಕ್ಕವರಿದ್ದಾಗ ಕೊರಳಿಗೆ ಹಾಕುತ್ತಿದ್ದರಂತೆ. ಅದೇ ವರ್ಷದ ದೆಹಲಿ ದರ್ಬಾರಿನದು ಅಂತ ಬರೆದಿರುವ ಒಂದು ಬಿಲ್ಲೆ, ರಾಜ–ರಾಣಿ ಇಬ್ಬರ ಮುಖವೂ ಇದೆ, ಎಷ್ಟು ರೂಪಾಯಿ ಅಂತ ಎಲ್ಲೂ ಇಲ್ಲ. 1935ರ ದೊಡ್ಡ ನಾಣ್ಯ ಒಂದು, ಕುದುರೆ ಸವಾರ ಇದ್ದಾನೆ, ಕುದುರೆ ಮರದ ಆಟಿಕೆಯ ಹಾಗಿದೆ. ರಾಣಿ ಎಲಿಜಬೆತ್ ಕುದುರೆಯ ಮೇಲೆ ಕೂತಿರುವ 1953ರದ್ದು ಒಂದು, 1977ರದ್ದು ಮೂರು. ಚಾರ್ಲ್ಸ್–ಡಯಾನಾ ಮದುವೆಯ 1981ರ ನಾಣ್ಯ ಒಂದು, ಚೆಂದದ ಪುಟ್ಟ ಕೇಸಿನೊಳಗೆ. 1977 ಮತ್ತು 1981ರವನ್ನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಚಿಕ್ಕಮ್ಮ ರಜೆಗೆ ಬಂದಾಗ ತಂದುಕೊಟ್ಟಿದ್ದು.

ಈಗ ಮನೆಯಲ್ಲಿ ಇದೇ ಮಾತು. ಡಯಾನಾ ನಾಣ್ಯಕ್ಕೆ 5 ಲಕ್ಷ ಸಿಗುತ್ತದೆ ಅಂತ ಮಾವ ಯಾವುದೋ ವಿಡಿಯೊ ನೋಡಿ ಹೇಳಿದ್ದಾರೆ. ಕೆನಡಾದಲ್ಲಿರುವ ಅಣ್ಣ ಎಲ್ಲವನ್ನೂ ತಾನು ತೆಗೆದುಕೊಂಡು ಹೋಗಿ ಅಲ್ಲಿ ಮಾರುತ್ತೇನೆ ಅನ್ನುತ್ತಾನೆ. ಅಮ್ಮನಿಗೆ ಯಾವುದನ್ನೂ ಕೊಡಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಗಡಿನಾಡ ರವಿ

ಡಯಾನಾ ನಾಣ್ಯ ಬಿಡಬೇಡಿ ಮೇಡಂ. ಆಕೆ ತೀರಿಕೊಂಡ ಮೇಲೆ ಬೆಲೆ ಏರುತ್ತಲೇ ಇದೆ. ಆನ್‌ಲೈನಿನಲ್ಲಿ ಸಾವಿರಾರು ಪೌಂಡ್ ಹಾಕಿದ್ದಾರೆ, ನಾನೇ ನೋಡಿದ್ದೇನೆ.

ಹಾಸನದ ನಾಣ್ಯಪೆಟ್ಟಿಗೆ

ರವಿಯವರೇ, ನೀವು ನೋಡಿದ್ದು ಕೇಳಿದ ಬೆಲೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು. ಆ ಜಾಲತಾಣಗಳಲ್ಲೇ "ಮಾರಾಟವಾದವು" ಅಂತ ಬೇರೆ ಪಟ್ಟಿ ಇರುತ್ತದೆ, ಅದನ್ನು ತೆರೆದು ನೋಡಿ. 1981ರ ಸಾದಾ ಡಯಾನಾ ಕ್ರೌನ್ (ಬ್ರಿಟನ್ನಿನ ಈ ದೊಡ್ಡ ಗಾತ್ರದ ನಾಣ್ಯಕ್ಕೆ ಕ್ರೌನ್ ಅಂತ ಹೆಸರು) ಅಲ್ಲಿ ಕೈಬದಲಾಗುವುದು ಒಂದೆರಡು ಪೌಂಡಿಗೆ. ಹಲವು ಸಲ ಅಂಚೆ ಖರ್ಚೇ ನಾಣ್ಯಕ್ಕಿಂತ ಹೆಚ್ಚು.

ಕಾರಣ ತಿಳಿಯಬೇಕಾದರೆ ಟಂಕಸಾಲೆಯ ಲೆಕ್ಕ ನೋಡಬೇಕು. 1977ರಲ್ಲಿ ರಾಣಿಯ ಆಳ್ವಿಕೆಗೆ 25 ವರ್ಷ ತುಂಬಿದಾಗ ಹೊಡೆದ ಕ್ರೌನ್‌ಗಳು ಸುಮಾರು 3 ಕೋಟಿ 70 ಲಕ್ಷ. ಆಗ ಬ್ರಿಟನ್ನಿನ ಒಟ್ಟು ಜನಸಂಖ್ಯೆ ಸುಮಾರು 5 ಕೋಟಿ 60 ಲಕ್ಷ. ಅಂದರೆ ಮೂವರಿಗೆ ಎರಡರಂತೆ ಬರುತ್ತದೆ. 1981ರ ಮದುವೆಗೆ ಹೊಡೆದದ್ದು 2 ಕೋಟಿ 67 ಲಕ್ಷಕ್ಕೂ ಹೆಚ್ಚು. 1953ರ ಪಟ್ಟಾಭಿಷೇಕದ್ದು ಸುಮಾರು 60 ಲಕ್ಷ. ಇವು ಮೂರೂ ತಾಮ್ರ–ನಿಕ್ಕಲ್ ಮಿಶ್ರಣ, ಬೆಳ್ಳಿಯ ಗುಲಗಂಜಿಯೂ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇವನ್ನು ಯಾರೂ ಖರ್ಚು ಮಾಡಲಿಲ್ಲ. ದಿನಬಳಕೆಯ ನಾಣ್ಯ ಕೈಯಿಂದ ಕೈಗೆ ಓಡಾಡಿ ಸವೆಯುತ್ತದೆ, ಕಳೆದುಹೋಗುತ್ತದೆ, ಕರಗುತ್ತದೆ. ಕೊನೆಗೆ ಚೆನ್ನಾಗಿ ಉಳಿದವು ಬೆರಳೆಣಿಕೆಯಷ್ಟು. ನೆನಪಿಗೆಂದೇ ಹೊಡೆದ ನಾಣ್ಯವನ್ನು ಎಲ್ಲರೂ ಮೊದಲ ದಿನವೇ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ನಮ್ಮಲ್ಲೇ ನೋಡಿ, ಆರನೇ ಜಾರ್ಜ್‌ನ 1939ರ ರೂಪಾಯಿ ಯಾವ ಸಮಾರಂಭಕ್ಕೂ ಹೊಡೆದದ್ದಲ್ಲ, ತೀರಾ ಸಾಧಾರಣ ನಾಣ್ಯ. ಇವತ್ತು ಅದಕ್ಕಾಗಿ ಸಂಗ್ರಹಕಾರರು ಹಂಬಲಿಸುತ್ತಾರೆ. ಅದರ ನಕಲಿಗಳೂ ಅಷ್ಟೇ ಇವೆ, ಎಚ್ಚರ.

ಮೊಮ್ಮಗಳು ಅವರೇ, 1935ರದ್ದನ್ನು ಮಾತ್ರ ಪಕ್ಕಕ್ಕೆ ಎತ್ತಿಡಿ. ಅದರ ಬಗ್ಗೆ ರಾತ್ರಿ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಒಂದನ್ನೂ ತೊಳೆಯಬೇಡಿ, ಉಜ್ಜಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಟೂತ್‌ಪೇಸ್ಟ್, ವಿಭೂತಿ, ಯಾವುದೂ ಬೇಡ.

ಲೆಸ್ಟರ್ ಕನ್ನಡತಿ

ನಾನೂ ಲೆಸ್ಟರ್‌ನಲ್ಲೇ ಇರುವುದು! ನಿಮ್ಮ ಚಿಕ್ಕಮ್ಮನ ಪೀಳಿಗೆಯವರು ಊರಿಗೆ ಹೊರಟಾಗ ಇಂಥ ಕ್ರೌನ್‌ಗಳನ್ನು ಉಡುಗೊರೆಗೆ ಒಯ್ಯುತ್ತಿದ್ದದ್ದು ನಿಜ. ಹಗುರ, ನೋಡಲು ಚೆಂದ, ರಾಣಿಯ ಮುಖ, ಬೆಲೆಯೂ ಕಡಿಮೆ. ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಇವತ್ತಿಗೂ 1977ರವು ತಟ್ಟೆಯಲ್ಲಿ ರಾಶಿ ಬಿದ್ದಿರುತ್ತವೆ.

1977ರ ನಾಣ್ಯದ ಮೇಲೆ ಬೆಲೆಯೇ ಬರೆದಿಲ್ಲ ಅನ್ನುವುದನ್ನು ಗಮನಿಸಿದ್ದೀರಾ? ಕಾನೂನಿನ ಪ್ರಕಾರ ಅದರ ಮುಖಬೆಲೆ 25 ಪೆನ್ಸ್. 1990ರಿಂದ ಈಚೆಗೆ ಬಂದ ಕ್ರೌನ್‌ಗಳಿಗೆ ಮಾತ್ರ 5 ಪೌಂಡ್. ನಾಣ್ಯದ ಗಾತ್ರ ಬದಲಾಗಲಿಲ್ಲ, ಬೆಲೆ ಮಾತ್ರ ಬದಲಾಯಿತು. ನಾನು ಒಮ್ಮೆ 5 ಪೌಂಡಿನ ನಾಲ್ಕು ನಾಣ್ಯ ಹಿಡಿದು ಬ್ಯಾಂಕಿಗೆ ಹೋದೆ, ತೆಗೆದುಕೊಳ್ಳಲಿಲ್ಲ. ಅಧಿಕೃತ ನಾಣ್ಯವೇ ಹೌದು, ಆದರೆ ಅಂಗಡಿಯಾಗಲಿ ಬ್ಯಾಂಕಾಗಲಿ ಅದನ್ನು ಸ್ವೀಕರಿಸಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಬರಿಗೈಯಲ್ಲಿ ಮರಳುವಾಗ ಬಹಳ ಬೇಸರವಾಗಿತ್ತು, ಮಕ್ಕಳ ಹೆಸರಿನಲ್ಲಿ ವರ್ಷಕ್ಕೊಂದು ಅಂತ ತೆಗೆದಿಟ್ಟಿದ್ದೆ.

1977ರ ಹಿಂಬದಿಯಲ್ಲಿ ಕಾಣುವ ಪಾತ್ರೆ ಮತ್ತು ಚಮಚ ಪಟ್ಟಾಭಿಷೇಕದಲ್ಲಿ ಪವಿತ್ರ ಎಣ್ಣೆ ಹಚ್ಚಲು ಬಳಸುವವು. ನಿಮ್ಮ ಅಮ್ಮನಿಗೆ ಹೇಳಿ, ಇಷ್ಟವಾಗಬಹುದು.

ಹಾಸನದ ನಾಣ್ಯಪೆಟ್ಟಿಗೆ

ರಾತ್ರಿ ಅಂದಿದ್ದೆ, ಊಟ ಮುಗಿಸಿ ಈಗ ಕೂತೆ.

1935ರದ್ದು ಐದನೇ ಜಾರ್ಜ್ ದೊರೆಯ ಆಳ್ವಿಕೆಯ ಬೆಳ್ಳಿಹಬ್ಬದ ಕ್ರೌನ್. ಬ್ರಿಟನ್ನಿನಲ್ಲಿ ಒಂದು ಸಮಾರಂಭದ ನೆನಪಿಗೆಂದೇ ಬಂದ ಆಧುನಿಕ ಕ್ರೌನ್‌ಗಳ ಸಾಲು ಶುರುವಾಗುವುದೇ ಇದರಿಂದ. ವಿನ್ಯಾಸ ಪರ್ಸಿ ಮೆಟ್ಕಾಫ್ ಅವರದು. ಸೇಂಟ್ ಜಾರ್ಜ್ ಮತ್ತು ಡ್ರ್ಯಾಗನ್ ಅನ್ನುವ ಹಳೆಯ ವಸ್ತುವನ್ನೇ ಅವರು ಆ ಕಾಲದ ಹೊಸ ಶೈಲಿಯಲ್ಲಿ ನೇರ ಗೆರೆ, ಗಡುಸು ಅಂಚುಗಳಲ್ಲಿ ಕಡೆದರು. ಆಗಿನ ಜನಕ್ಕೆ ಅದು ಹಿಡಿಸಲಿಲ್ಲ, "ತೂಗಾಡುವ ಆಟದ ಕುದುರೆ" ಅಂತ ಹೆಸರಿಟ್ಟರು. ನಿಮಗೆ ಮರದ ಆಟಿಕೆ ನೆನಪಾದದ್ದು ಸರಿಯಾಗಿಯೇ ಇದೆ. ನನಗೆ ಆ ಕುದುರೆ ಅಂದರೆ ಪ್ರಾಣ. ನನ್ನ ಹತ್ತಿರ ಇರುವ ಅಷ್ಟೂ ನಾಣ್ಯಗಳಲ್ಲಿ ಅತಿ ಹೆಚ್ಚು ಸಲ ಕೈಗೆತ್ತಿಕೊಂಡು ನೋಡಿರುವುದು ಅದನ್ನೇ.

ಹೊಡೆದದ್ದು 7 ಲಕ್ಷದ 14 ಸಾವಿರ ಚಿಲ್ಲರೆ. 1977ರದಕ್ಕೆ ಹೋಲಿಸಿದರೆ ಐವತ್ತರಲ್ಲಿ ಒಂದು ಪಾಲು. ಅರ್ಧ ಬೆಳ್ಳಿ ಬೇರೆ. ಬ್ರಿಟನ್ ತನ್ನ ಬೆಳ್ಳಿ ನಾಣ್ಯಗಳಲ್ಲಿ 1920ರಲ್ಲಿ ಬೆಳ್ಳಿಯನ್ನು ಶೇಕಡ 50ಕ್ಕೆ ಇಳಿಸಿತು, 1947ರಲ್ಲಿ ಪೂರ್ತಿ ಬಿಟ್ಟಿತು. ಹಾಗಾಗಿ 28.28 ಗ್ರಾಂ ತೂಕದ ಈ ನಾಣ್ಯದಲ್ಲಿ 14.14 ಗ್ರಾಂ ಅಪ್ಪಟ ಬೆಳ್ಳಿ ಇದೆ. ಬೆಳ್ಳಿಯ ದರ ಎಷ್ಟೇ ಇರಲಿ, ಇದರ ಬೆಲೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸವೆಯದೆ ಚೆನ್ನಾಗಿದ್ದರೆ ಸಂಗ್ರಹಕಾರ ಅದರ ಮೇಲೆ ಇನ್ನಷ್ಟು ಕೊಡುತ್ತಾನೆ.

ಒಂದು ಪರೀಕ್ಷೆ ಮಾಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಲೆನ್ಸಿನಲ್ಲಿ ಅಂಚನ್ನು ನೋಡಿ. ಅಲ್ಲಿ ಲ್ಯಾಟಿನ್ ಅಕ್ಷರಗಳಿವೆ. ಅವು ಒಳಗೆ ಕೊರೆದ ಹಾಗೆ ತಗ್ಗಿನಲ್ಲಿದ್ದರೆ ಸಾದಾ ನಾಣ್ಯ. ಉಬ್ಬಿಕೊಂಡಿದ್ದರೆ ತಕ್ಷಣ ಇಲ್ಲಿ ಬರೆಯಿರಿ, ಯಾಕೆಂದರೆ ಉಬ್ಬಕ್ಷರದ ಬೆಳ್ಳಿ ಪ್ರೂಫ್ ನಾಣ್ಯ (ಸಂಗ್ರಹಕಾರರಿಗೆಂದೇ ವಿಶೇಷವಾಗಿ ಹೊಡೆದದ್ದು) ಬಂದದ್ದು ಕೇವಲ 2,500. ಅದರ ಲೋಕವೇ ಬೇರೆ.

ಇನ್ನು 1911ರ ರೂಪಾಯಿ. ಅದು ಸ್ಮರಣಾರ್ಥ ನಾಣ್ಯವಲ್ಲ, ಆದರೆ ನಿಮ್ಮ ಡಬ್ಬಿಯಲ್ಲಿ ಕಥೆಯಿರುವ ನಾಣ್ಯ ಅದೇ. ದೊರೆಯ ನಿಲುವಂಗಿಯ ಮೇಲೆ ಹಾರದಲ್ಲಿ ಒಂದು ಪುಟ್ಟ ಆನೆ ಇದೆ. ಕೆತ್ತುವಾಗ ಸೊಂಡಿಲು ಮೋಟಾಗಿ ಬಿತ್ತು. ನೋಡಿದವರಿಗೆ ಹಂದಿಯ ಹಾಗೆ ಕಂಡಿತು. ಮುಸ್ಲಿಮರು ಈ ನಾಣ್ಯವನ್ನು ಮುಟ್ಟುವುದು ಹೇಗೆ ಅಂತ ಗಲಾಟೆಯಾಯಿತು. ಹೊಡೆದ 94 ಲಕ್ಷದಲ್ಲಿ ಹೊರಗೆ ಬಂದದ್ದು ಸುಮಾರು 7 ಲಕ್ಷ ಮಾತ್ರ, ಉಳಿದವನ್ನು ಸರ್ಕಾರ ಕರಗಿಸಿತು. 1912ರಿಂದ ಸೊಂಡಿಲು ಉದ್ದವಾಯಿತು. ಇವತ್ತಿಗೂ ವ್ಯಾಪಾರಿಗಳ ಬಾಯಲ್ಲಿ ಅದು "ಹಂದಿ ರೂಪಾಯಿ"ಯೇ. ಬೇರೆ ವರ್ಷಗಳ ಐದನೇ ಜಾರ್ಜ್ ರೂಪಾಯಿಗಿಂತ ಅದಕ್ಕೆ ಹೆಚ್ಚು ಬೆಲೆ ಇದೆ. ಆದರೆ ನಿಮ್ಮದರ ಮೇಲೆ ಕುಣಿಕೆ ಇದೆ ಅಂದಿರಿ, ಅದು ಏಟು. ಬೆಸುಗೆ ಬಿದ್ದ ನಾಣ್ಯವನ್ನು ಗಂಭೀರ ಸಂಗ್ರಹಕಾರ ತೆಗೆದುಕೊಳ್ಳುವುದಿಲ್ಲ, ಬೆಳ್ಳಿಯ ತೂಕದ ದುಡ್ಡಷ್ಟೇ. ಕುಣಿಕೆ ಕೀಳಿಸಲು ಅಕ್ಕಸಾಲಿಯ ಹತ್ತಿರ ಹೋಗಬೇಡಿ. ಗುರುತು ಉಳಿದೇ ಉಳಿಯುತ್ತದೆ, ಸುತ್ತಲಿನ ಲೋಹವೂ ಕೆಡುತ್ತದೆ.

ದರ್ಬಾರಿನ ಬಿಲ್ಲೆ ನಾಣ್ಯವಲ್ಲ, ಪದಕ. ಮುಖಬೆಲೆ ಇಲ್ಲದ್ದಕ್ಕೆ ಅದೇ ಕಾರಣ. ಆ ವರ್ಷ ಶಾಲಾ ಮಕ್ಕಳಿಗೂ ಹಂಚುವ ಹಾಗೆ ಅಗ್ಗದ ಲೋಹದಲ್ಲಿ ಲೆಕ್ಕವಿಲ್ಲದಷ್ಟು ಮಾಡಿದ್ದರು.

ಮೈಸೂರು ಪೇಟೆ

ಪದಕದ ಮಾತು ಬಂದದ್ದು ಒಳ್ಳೆಯದಾಯಿತು. ನಾಲ್ವಡಿಯವರ 1927ರ ಬೆಳ್ಳಿಹಬ್ಬದ "ನಾಣ್ಯ" ಅಂತ ನಮ್ಮೂರಿನಲ್ಲಿ ಆಗಾಗ ಮಾರಾಟಕ್ಕೆ ಬರುತ್ತದೆ. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲೇ ಮುಚ್ಚಿತು. ಮುಮ್ಮಡಿಯವರ ಕನ್ನಡ ಅಕ್ಷರದ ತಾಮ್ರದ ಕಾಸುಗಳೇ ಕೊನೆ. ಆಮೇಲೆ ಮೈಸೂರು ದೊರೆಗಳ ಹೆಸರಿನಲ್ಲಿ ಚಲಾವಣೆಯ ನಾಣ್ಯ ಬಂದಿಲ್ಲ. ಹಾಗಾಗಿ ಕೈಗೆ ಬರುವುದು ಪದಕವೇ. ಪದಕಕ್ಕೂ ಬೆಲೆ ಇದೆ, ಪ್ರೀತಿಯೂ ಇದೆ, ಆದರೆ ನಾಣ್ಯ ಅಂತ ಹೇಳಿ ಮಾರುವುದು ತಪ್ಪು.

ಚಾಂಪಿಯನ್‌ರೀಫ್ ಮೊಮ್ಮಗಳು

ಅಂಚು ನೋಡಿದೆ ಸರ್, ಅಕ್ಷರ ಒಳಗೆ ಕೊರೆದ ಹಾಗೇ ಇದೆ. ಸಾದಾ ನಾಣ್ಯ. ಪರವಾಗಿಲ್ಲ, ಕುದುರೆಯನ್ನು ಬಹಳ ಹೊತ್ತು ನೋಡಿದೆ.

ಡಯಾನಾ ನಾಣ್ಯ ಕೇಸಿನಲ್ಲಿರುವುದರಿಂದ ಬೆಳ್ಳಿಯದಾಗಿರಬಹುದಾ? ಬೆಳ್ಳಿಯದೂ ಬಂದಿತ್ತು ಅಂತ ಎಲ್ಲೋ ಓದಿದೆ. ತೂಕ ಹಾಕಿದರೆ 28.2 ಬಂತು.

ಗಡಿನಾಡ ರವಿ

28.28 ಅಂದರೆ ಬೆಳ್ಳಿಯೇ ಮೇಡಂ, ಮೇಲೆ ಸರ್ ಕೊಟ್ಟ ಲೆಕ್ಕವೂ ಅದೇ ಅಲ್ಲವೇ?

ಬೆಸುಗೆ ಮೇಷ್ಟ್ರು

ಅಲ್ಲ ರವಿ. ತಾಮ್ರ–ನಿಕ್ಕಲ್ ಕ್ರೌನ್‌ನ ತೂಕವೂ 28.28 ಗ್ರಾಂ, ಬೆಳ್ಳಿಯದೂ ಅಷ್ಟೇ. ಅಗಲವೂ ಒಂದೇ, 38.61 ಮಿಲಿಮೀಟರ್. ತಕ್ಕಡಿ ಒಂದರಿಂದಲೇ ಗೊತ್ತಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು, ಆರ್ಕಿಮಿಡೀಸ್ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಿನಲ್ಲಿ ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. 92.5 ಶೇಕಡ ಬೆಳ್ಳಿಯಾದರೆ 2.73ರ ಹತ್ತಿರ ಬರುತ್ತದೆ. ತಾಮ್ರ–ನಿಕ್ಕಲ್ ಆದರೆ 3.16ರ ಹತ್ತಿರ. 1935ರ ಅರ್ಧ ಬೆಳ್ಳಿಯದು ಇವೆರಡರ ನಡುವೆ, ಸುಮಾರು 2.97. ಬೆಳ್ಳಿ ಹೆಚ್ಚು ಸಾಂದ್ರ, ಅದೇ ತೂಕಕ್ಕೆ ಕಡಿಮೆ ಜಾಗ ಸಾಕು.

ಹಾಸನದ ನಾಣ್ಯಪೆಟ್ಟಿಗೆ

ಮೇಷ್ಟ್ರು ಹೇಳಿದ್ದು ಅಚ್ಚುಕಟ್ಟು. ಒಂದೇ ಮಾತು ಸೇರಿಸುತ್ತೇನೆ. ಮೊದಲು ಕೇಸಿನಿಂದ ತೆಗೆಯದೆ ಕಣ್ಣಲ್ಲೇ ನೋಡಿ. ಬೆಳ್ಳಿ ಪ್ರೂಫ್ ಆದರೆ ಹಿನ್ನೆಲೆ ಕನ್ನಡಿಯ ಹಾಗೆ ನಿಮ್ಮ ಮುಖ ಕಾಣಿಸಬೇಕು, ಮೇಲೆದ್ದ ಚಿತ್ರ ಮಂಜು ಕವಿದ ಹಾಗೆ ಬೆಳ್ಳಗಿರಬೇಕು. ಹಾಗಿದ್ದರೆ ತೆಗೆಯಲೇ ಬೇಡಿ, ಬೆರಳಚ್ಚು ಬಿದ್ದರೆ ಹೋಗುವುದಿಲ್ಲ. ಸಾದಾ ನಾಣ್ಯವನ್ನೂ ಚೆಂದದ ಕೇಸಿನಲ್ಲಿ ಹಾಕಿ ಮಾರುತ್ತಿದ್ದರು, ಹಾಗಾಗಿ ಕೇಸನ್ನು ನಂಬಬೇಡಿ. ಬೆಳ್ಳಿಯದಾದರೂ 1981ರವು ಎರಡು ಲಕ್ಷಕ್ಕೂ ಹೆಚ್ಚು ಬಂದಿವೆ. 26.16 ಗ್ರಾಂ ಬೆಳ್ಳಿಯ ಬೆಲೆಗೆ ಸ್ವಲ್ಪ ಮೇಲೆ ಸಿಗಬಹುದು, 5 ಲಕ್ಷವಂತೂ ಅಲ್ಲವೇ ಅಲ್ಲ.

ತುಂಗಾತೀರ

ಎಲ್ಲವನ್ನೂ ಬೆಲೆಯಿಲ್ಲ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ರಾಜಮನೆತನದ ನಾಣ್ಯಗಳಲ್ಲಿ ಕೋಟಿ ಮುಟ್ಟಿದವೂ ಇವೆ. ಎಂಟನೇ ಎಡ್ವರ್ಡ್ 1936ರ ಡಿಸೆಂಬರ್‌ನಲ್ಲಿ ಪಟ್ಟ ಬಿಟ್ಟ. ಅವನ ನಾಣ್ಯಗಳ ಅಚ್ಚು ಸಿದ್ಧವಾಗಿತ್ತು, ಬಿಡುಗಡೆ ಆಗಲಿಲ್ಲ. ಒಬ್ಬ ದೊರೆ ಬಲಕ್ಕೆ ಮುಖ ಮಾಡಿದ್ದರೆ ಮುಂದಿನವನು ಎಡಕ್ಕೆ ಅನ್ನುವುದು ಅಲ್ಲಿನ ರೂಢಿ. ಇವನು ಅದನ್ನೂ ಮುರಿದು ಅಪ್ಪನ ಹಾಗೇ ಎಡಕ್ಕೇ ಮುಖ ಮಾಡಿಸಿಕೊಂಡಿದ್ದ. ಅವನ ಒಂದು ಸವರನ್ ಅನ್ನುವ ಚಿನ್ನದ ನಾಣ್ಯ 2020ರಲ್ಲಿ 10 ಲಕ್ಷ ಪೌಂಡಿಗೆ ಹೋಯಿತು.

ಆದರೆ ನನಗೆ ಇದರಲ್ಲಿ ಇಷ್ಟವಾಗುವುದು ಆ ಕೋಟಿಯಲ್ಲ. ಬ್ರಿಟನ್ನಿನಲ್ಲಿ ನಾಣ್ಯವೇ ಹೊರಬಾರದ ದೊರೆಯ ಹೆಸರು ನಮ್ಮ ಕಛ್ ಸಂಸ್ಥಾನದ ಕೋರಿ ನಾಣ್ಯಗಳ ಮೇಲೆ ಇದೆ! ಆ ಒಂದೇ ವರ್ಷದಲ್ಲಿ ಕಛ್‌ನವರೂ ಜೋಧಪುರದವರೂ ಅವನ ಹೆಸರಿನಲ್ಲಿ ನಾಣ್ಯ ಹೊಡೆದುಬಿಟ್ಟಿದ್ದರು. ಆಫ್ರಿಕದ ಬ್ರಿಟಿಷ್ ವಸಾಹತುಗಳ ತೂತು ನಾಣ್ಯಗಳಲ್ಲೂ ಫಿಜಿಯ ಪೆನ್ನಿಯಲ್ಲೂ ಅವನ ಹೆಸರಿದೆ, ಮುಖ ಇಲ್ಲ. ಇವನ್ನೆಲ್ಲ ಸಾಮಾನ್ಯ ಸಂಬಳದವರೂ ಕೊಳ್ಳಬಹುದು. ನನ್ನ ಹತ್ತಿರ ಕಛ್‌ನ 5 ಕೋರಿ ಇದೆ. ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ಕೊಂಡದ್ದು, ಮನೆಗೆ ಬರುವ ರೈಲಿನುದ್ದಕ್ಕೂ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ.

ಹಾಸನದ ನಾಣ್ಯಪೆಟ್ಟಿಗೆ

ತುಂಗಾತೀರ ಅವರೇ, ಪೂರ್ತಿ ಒಪ್ಪುತ್ತೇನೆ. ಬೆಲೆಯಿಲ್ಲ ಅಂತ ನಾನು ಅಂದದ್ದು ಮಾರುಕಟ್ಟೆಯ ಮಾತು. ಆದರೆ ನೀವು ಹೇಳಿದ್ದನ್ನೇ ನೋಡಿ, ಎಡ್ವರ್ಡ್‌ನ ಸವರನ್‌ಗೆ ಆ ಬೆಲೆ ಬಂದದ್ದು ಹೊರಬರದೆ ಹೋದದ್ದರಿಂದ. ನಾಣ್ಯವನ್ನು ಹಿಂತೆಗೆದುಕೊಂಡರೆ ಸಾಕು ಅಂತಲೂ ಇಲ್ಲ. ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ 1887ರಲ್ಲಿ ಬಂದ ಆರು ಪೆನ್ಸ್ ನಾಣ್ಯದ ವಿನ್ಯಾಸ ಚಿನ್ನದ ಅರ್ಧ ಸವರನ್‌ನ ಹಾಗೇ ಇತ್ತು. ಕಳ್ಳರು ಚಿನ್ನದ ಲೇಪ ಹಾಕಿ ದಾಟಿಸಲು ಶುರು ಮಾಡಿದರು, ಸರ್ಕಾರ ವಿನ್ಯಾಸವನ್ನೇ ಬದಲಿಸಿತು. ಸುದ್ದಿ ಗೊತ್ತಾದ ಜನ ಅಪರೂಪ ಆಗುತ್ತದೆ ಅಂತ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದರಿಂದ ಅದು ಇವತ್ತಿಗೂ ಸುಲಭವಾಗಿ ಸಿಗುತ್ತದೆ.

ನೊಂದ ಮಗ

ಬೆಲೆಯ ಮಾತಿನ ನಡುವೆ ಇದನ್ನು ಹೇಳಲೇಬೇಕು. ನಮ್ಮ ತಂದೆ ಹಳೆಯ ನಾಣ್ಯದ ಫೋಟೋವನ್ನು ಒಂದು ಜಾಹೀರಾತಿಗೆ ಕಳಿಸಿದ್ದರು. ಎರಡೇ ದಿನದಲ್ಲಿ ಫೋನು. 12 ಲಕ್ಷಕ್ಕೆ ಕೊಳ್ಳುತ್ತೇವೆ, ಮೊದಲು ನೋಂದಣಿಗೆ 2,500 ಕಟ್ಟಿ ಅಂದರು. ಆಮೇಲೆ ತೆರಿಗೆ, ಆಮೇಲೆ ವಿಮೆ. ರಿಸರ್ವ್ ಬ್ಯಾಂಕಿನ ಲಾಂಛನ ಇದ್ದ ಪತ್ರವನ್ನೂ ಕಳಿಸಿದರು. ಪಿಂಚಣಿಯ 70 ಸಾವಿರ ಹೋಯಿತು. ಅಪ್ಪ ಎರಡು ತಿಂಗಳು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಹೇಳಿಕೆ ಕೊಟ್ಟಿದೆ: ಹಳೆಯ ನೋಟು–ನಾಣ್ಯದ ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾರಿಂದಲೂ ಶುಲ್ಕವಾಗಲಿ ಕಮಿಷನ್ ಆಗಲಿ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ಮೇಡಂ, ನಿಮ್ಮ ಮಾವನಿಗೆ ಇದನ್ನು ಓದಿ ಹೇಳಿ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು.

ಲೆಸ್ಟರ್ ಕನ್ನಡತಿ

ಓದಿ ಹೊಟ್ಟೆ ಉರಿಯಿತು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕರಿಕೋಟು

ವಕೀಲಿ ಮಾಡುವವನಾಗಿ ಒಂದು ಮಾತು. ಅಣ್ಣ ಕೆನಡಾಕ್ಕೆ ಒಯ್ಯುತ್ತಾರೆ ಅಂದಿರಲ್ಲ, 1911ರ ರೂಪಾಯಿಯನ್ನೂ ಪದಕವನ್ನೂ ಬ್ಯಾಗಿಗೆ ಹಾಕಲು ಬಿಡಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವ ಹಾಗಿಲ್ಲ, ಅಂಚೆಯಲ್ಲಿ ಕಳಿಸುವ ಹಾಗೂ ಇಲ್ಲ. ಒಳಗೇ ಮಾರುವುದಾದರೆ ಪರವಾನಗಿ ಇರುವ ವ್ಯಾಪಾರಿಗೆ ರಸೀದಿ ಪಡೆದು ಮಾರಿ.

ಚಾಂಪಿಯನ್‌ರೀಫ್ ಮೊಮ್ಮಗಳು

ಎಲ್ಲರಿಗೂ ಉತ್ತರಿಸಲು ನಾಲ್ಕು ದಿನ ಆಯಿತು, ಕ್ಷಮಿಸಿ. ಮಾವನಿಗೆ ಇಡೀ ಚರ್ಚೆಯನ್ನೇ ಓದಿ ಹೇಳಿದೆ. ಅವರೂ ಒಂದು ಜಾಹೀರಾತಿಗೆ ಫೋಟೋ ಕಳಿಸಲು ಹೊರಟಿದ್ದರಂತೆ, ನಿಲ್ಲಿಸಿದರು. ಅಣ್ಣನೂ ಒಪ್ಪಿದ.

ಕೇಸಿನಲ್ಲಿದ್ದ ಡಯಾನಾ ನಾಣ್ಯದಲ್ಲಿ ಕನ್ನಡಿ ಹೊಳಪು ಇರಲಿಲ್ಲ. ಹಾಗಾಗಿ ತೆಗೆದು, ಪಕ್ಕದ ಮನೆಯ ಚಿನಿವಾರರ ತಕ್ಕಡಿಯಲ್ಲಿ ಮೇಷ್ಟ್ರು ಹೇಳಿದ ಹಾಗೆ ದಾರ ಕಟ್ಟಿ ನೋಡಿದೆ. 3.15 ಬಂತು. ತಾಮ್ರ–ನಿಕ್ಕಲ್.

ಇದನ್ನು ಹೇಳಲು ಲೆಸ್ಟರ್‌ಗೆ ಫೋನ್ ಮಾಡಿದಾಗ ಚಿಕ್ಕಮ್ಮ, "ನಾನು ತಂದದ್ದು ಎರಡಲ್ಲವೇ, ಇನ್ನೊಂದು ಎಲ್ಲಿ?" ಅಂದರು. ಅಮ್ಮನಿಗೆ ಥಟ್ಟನೆ ನೆನಪಾಯಿತು. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ, ಕಳಶದ ಚೊಂಬಿನ ಕೆಳಗೆ ಒಂದು ದೊಡ್ಡ ಬಿಲ್ಲೆ ಇರುತ್ತಿತ್ತು. ಪ್ರತಿವರ್ಷ ದೀಪಾವಳಿಯ ಲಕ್ಷ್ಮೀಪೂಜೆಗೆ ಅಜ್ಜಿ ಅದನ್ನು ವಿಭೂತಿಯಲ್ಲಿ ತಿಕ್ಕಿ ತೊಳೆದು, ಕುಂಕುಮ ಇಟ್ಟು ತಟ್ಟೆಯಲ್ಲಿ ಇಡುತ್ತಿದ್ದರು. ನಾವೆಲ್ಲ ಅದು ಲಕ್ಷ್ಮಿಯ ನಾಣ್ಯ ಅಂದುಕೊಂಡೇ ಕೈಮುಗಿದಿದ್ದೇವೆ. ತೆಗೆದು ನೋಡಿದರೆ ಡಯಾನಾ ಮುಖ ಅರ್ಧ ಸವೆದಿದೆ, ಚಾರ್ಲ್ಸ್ ಕೆನ್ನೆಯ ಮೇಲೆ ಕುಂಕುಮ ಗಟ್ಟಿಯಾಗಿ ಕೂತಿದೆ. ನೀರಿನಲ್ಲಿ ಇಳಿಬಿಟ್ಟೆ. 2.72.

ಎರಡರಲ್ಲಿ ಬೆಳ್ಳಿ ಯಾವುದು ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ ಅಂತಾರೆ ಚಿಕ್ಕಮ್ಮ. ಕೈಯಲ್ಲಿ ಹಿಡಿದೇ ಗೊತ್ತು ಮಾಡಿಕೊಂಡಿರಬೇಕು.

ಹಾಸನದ ನಾಣ್ಯಪೆಟ್ಟಿಗೆ

ಸಂಗ್ರಹಕಾರನ ಲೆಕ್ಕದಲ್ಲಿ ಆ ನಾಣ್ಯದ ಪ್ರೂಫ್ ಬೆಲೆ ಪೂರ್ತಿ ಹೋಗಿದೆ, ಬೆಳ್ಳಿಯ ತೂಕವಷ್ಟೇ ಉಳಿದಿದೆ. ನನ್ನದಾಗಿದ್ದರೆ ಮಾರುತ್ತಿರಲಿಲ್ಲ. ಆ ಕುಂಕುಮವನ್ನೂ ತೆಗೆಯುತ್ತಿರಲಿಲ್ಲ.

1935ರದ್ದನ್ನು ಮಾತ್ರ ಬಿಸ್ಕೆಟ್ ಡಬ್ಬಿಯಿಂದ ಹೊರಗೆ ತೆಗೆಯಿರಿ. ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಬೇಡ, ಅದರಲ್ಲಿನ ಪಿವಿಸಿ ಕೆಲವು ವರ್ಷಗಳಲ್ಲಿ ಹಸಿರು ಅಂಟಾಗಿ ನಾಣ್ಯ ತಿನ್ನುತ್ತದೆ. ಗಟ್ಟಿ ಪ್ಲಾಸ್ಟಿಕ್‌ನ ದುಂಡು ಕ್ಯಾಪ್ಸೂಲ್ ಸಿಗುತ್ತದೆ, 39 ಮಿಲಿಮೀಟರ್ ಅಳತೆ ಕೇಳಿ.

ಚಾಂಪಿಯನ್‌ರೀಫ್ ಮೊಮ್ಮಗಳು

ಕ್ಯಾಪ್ಸೂಲ್ ಇವತ್ತೇ ತರಿಸುತ್ತೇನೆ ಸರ್. 1977ರ ಮೂರನ್ನು ಅಮ್ಮ ಮೂವರು ಮೊಮ್ಮಕ್ಕಳಿಗೆ ಒಂದೊಂದು ಕೊಟ್ಟರು, ಎಣ್ಣೆಯ ಪಾತ್ರೆ ಮತ್ತು ಚಮಚದ ಕಥೆ ಹೇಳಿ. ಅಜ್ಜಿಯ ನಾಣ್ಯ ಮತ್ತೆ ಕಳಶದ ಕೆಳಗೆ ಹೋಯಿತು.